ಎಡಗಾಲಿನ ಹೆಬ್ಬೆರಳು

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾವೇರಿಯಿಂದ ಹಜರತಬಿಯ ಫೋನು ಬಂತು. "ಗಂಗಾ, ಲಗೂ ಬಾ. ಇವರಿಗೆ ಅರಾಮ ಇಲ್ಲ" ಎಂದವಳೇ, ನಾನು ಏನಾದರೂ ಕೇಳುವ ಮೊದಲೇ ಇಟ್ಟುಬಿಟ್ಟಳು. ನಮ್ಮ ಕಡೆ ಇಂಥ ಫೋನಿಗೆ ಒಂದು ರೀತಿಯಿದೆ. ಮನುಷ್ಯ ಇನ್ನೂ ಉಸಿರಾಡುತ್ತಿದ್ದರೆ ಯಾವ ದವಾಖಾನೆ, ಯಾವ ಡಾಕ್ಟರು, ಎಷ್ಟು ಸಲಾಯಿನು ಹಚ್ಚಿದರು ಎಂಬುದನ್ನೆಲ್ಲ ಹೇಳುತ್ತಾರೆ. ಉಸಿರು ನಿಂತಿದ್ದರೆ ಲಗೂ ಬಾ ಎನ್ನುತ್ತಾರೆ, ಅಷ್ಟೇ. ಆದರೆ ಹಜರತಬಿ ಮೊದಲಿನಿಂದಲೂ ಮಾತು ಕಡಿಮೆಯ ಹೆಂಗಸು. ಆ ಒಂದು ಆಸೆಯನ್ನು ಹಿಡಿದುಕೊಂಡು ನಾನು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಓಡಿದೆ.

ಅವಳು ಹೇಳಿದ 'ಇವರು' ಅಂದರೆ ಅವಳ ಗಂಡ ಮೌಲಾಸಾಬ. ನಾಟಕ ಕಂಪನಿಯಲ್ಲಿ ಹದಿನಾರು ವರ್ಷ ನನ್ನ ಜೊತೆ ಹಾಸ್ಯ ಮಾಡಿದವನು. ಸ್ಟೇಜಿನ ಮೇಲೆ ನನಗೆ ಗಂಡ, ಕೆಳಗಿಳಿದರೆ ಅಣ್ಣ. ಇದನ್ನು ಊರಿನವರು ಯಾರೂ ನಂಬಲಿಲ್ಲ, ಹಜರತಬಿ ಒಬ್ಬಳು ನಂಬಿದಳು. ನನಗೆ ಅವಳೊಬ್ಬಳು ನಂಬಿದ್ದು ಸಾಕಾಗಿತ್ತು.

ಹಾವೇರಿಯ ನೇರ ಬಸ್ಸು ಆಗಲೇ ಹೋಗಿತ್ತು. ಬ್ಯಾಡಗಿಯ ಮೇಲೆ ಹಾಯ್ದು ಹೋಗುವುದು ಸಿಕ್ಕಿತು. ಬ್ಯಾಡಗಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು ಬಾಗಿಲು ತೆರೆದದ್ದೇ ತಡ, ಮೆಣಸಿನಕಾಯಿಯ ಘಾಟು ಒಳಗೆ ನುಗ್ಗಿತು. ಸುಗ್ಗಿಯ ಕಾಲ, ಪೇಟೆಯ ದಿನ ಬೇರೆ. ಮುಂದಿನ ಸೀಟಿನ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿದಳು, ಕಂಡಕ್ಟರು ಮೂರು ಸಲ ಸೀನಿದ. ನಾನು ಮಾತ್ರ ಉಸಿರು ಎಳೆದುಕೊಂಡೆ. ಎದೆಯಲ್ಲಿ ಆರು ವರ್ಷದ ಹಿಂದಿನ ಹೆದರಿಕೆ ಎದ್ದು ಕುಳಿತಿತು. ಇಡೀ ಒಂದು ಸುಗ್ಗಿಯ ಕಾಲ ದಿನಾ ಸಂಜೆ ಆರೂಕಾಲಿಗೆ ಸರಿಯಾಗಿ ಬರುತ್ತಿದ್ದ ಹೆದರಿಕೆ ಅದು.

ನಾನು ಕಂಪನಿ ಸೇರಿದ್ದು ಕುಣಿಯುವವಳಾಗಿ. ನಾಯಕಿಯಾಗುವ ಮುಖ ನನ್ನದಲ್ಲ, ಮುಂದಿನ ಎರಡು ಹಲ್ಲಿನ ನಡುವೆ ಒಂದು ಕಡ್ಡಿ ತೂರುವಷ್ಟು ಜಾಗ. ಹೀಗಾಗಿ ಎರಡು ದೃಶ್ಯಗಳ ನಡುವೆ ಹಿಂದಿನ ಪರದೆ ಬದಲಿಸುವಾಗ ಜನ ಎದ್ದು ಹೋಗದಂತೆ ಒಂದು ಹಾಡಿಗೆ ಕುಣಿಯುವ ಕೆಲಸ ಕೊಟ್ಟಿದ್ದರು. ಒಂದು ದಿನ ಕುಣಿಯುವಾಗ ಸ್ಟೇಜಿನ ಹಲಗೆ ಮುರಿದು ನಾನು ಬೋರಲು ಬಿದ್ದೆ. ಎದ್ದೆ. ನಾಚಿಕೆಗೆ ಏನು ಮಾಡಬೇಕೋ ತಿಳಿಯದೆ, ಬಗ್ಗಿ ಆ ತೂತಿನೊಳಗೆ ನೋಡಿದೆ. ಜನ ನಕ್ಕರು. ಅಷ್ಟರಲ್ಲಿ ಪರದೆಯ ಪಕ್ಕದಿಂದ ಒಂದು ಗಂಡಸಿನ ಪಿಸುದನಿ ಬಂತು: "ಇನ್ನೊಮ್ಮೆ ನೋಡು." ನೋಡಿದೆ. ತಗಡಿನ ಥೇಟರು ಹಾರಿಹೋಗುವಂತೆ ನಕ್ಕರು.

ಹೇಳಿದವನು ಮೌಲಾಸಾಬ. ಮರುದಿನ ಮಾಲೀಕರ ಹತ್ತಿರ ಹೋಗಿ ನನ್ನನ್ನು ತನ್ನ ಜೋಡಿಗೆ ಕೇಳಿದ. "ಕುಣಿಯೋರು ರಗಡ ಮಂದಿ ಅದಾರ್ರಿ. ಬಿದ್ದಿದ್ದ ಜಾಗಾನ ತಿರುಗಿ ನೋಡೋರು ಸಿಗೂದಿಲ್ಲ" ಎಂದನಂತೆ. ನನಗೆ ಅವನು ಕಲಿಸಿದ ಮೊದಲ ಪಾಠವೂ ಅದೇ. ಮೊದಲನೇ ನೋಟ ಎಲ್ಲರೂ ನೋಡುತ್ತಾರೆ. ನಗು ಇರುವುದು ಎರಡನೇ ನೋಟದಲ್ಲಿ. ಆಮೇಲೆ ಹದಿನಾರು ವರ್ಷ ಇಬ್ಬರೂ ಸೇರಿ ಬಿದ್ದೆವು, ಎದ್ದೆವು, ಒದೆಸಿಕೊಂಡೆವು, ಕುಣಿದೆವು. ನಾಟಕದ ಹೆಸರು ಮರೆತವರು ಕೂಡ ಗಂಗಾ-ಮೌಲಾ ಜೋಡಿ ಎಂದರೆ ಗುರುತು ಹಿಡಿಯುತ್ತಿದ್ದರು.

ಆರು ವರ್ಷದ ಹಿಂದೆ ನಮ್ಮ ಕ್ಯಾಂಪು ಬ್ಯಾಡಗಿಯಲ್ಲಿ ಬಿತ್ತು. ಪೇಟೆಯ ಹಿಂದಿನ ಬಯಲಿನಲ್ಲಿ ಥೇಟರು. ಗಾಳಿ ಆ ಕಡೆಯಿಂದ ತಿರುಗಿದರೆ ಸಾಕು, ಮೆಣಸಿನಕಾಯಿಯ ಧೂಳು ತಗಡಿನ ಸಂದಿಯಿಂದ ಒಳಗೆ ಬರುತ್ತಿತ್ತು. ಮುಖಕ್ಕೆ ಬಣ್ಣ ಹಚ್ಚಿದರೆ ಬಣ್ಣವೇ ಉರಿಯುತ್ತಿತ್ತು. ಹಮಾಲರು, ಗಾಡಿಯವರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಸಂಜೆ ಆರೂಕಾಲಿನ ಆಟಕ್ಕೆ ಬಂದು ಕೂರುತ್ತಿದ್ದರು, ಅವರ ಬಟ್ಟೆಯ ಜೊತೆ ಘಾಟೂ ಬಂದು ಕೂರುತ್ತಿತ್ತು. ಜನ ಸಾಲುಸಾಲಾಗಿ ಸೀನುತ್ತಿದ್ದರು. ಸೀನಿನ ಮೇಲೆ ಮಾತು ಬಿದ್ದರೆ ನಗು ಸತ್ತಂತೆ. ಹಾಗಾಗಿ ಸೀನಿಗೆ ಜಾಗ ಬಿಟ್ಟು ಮಾತಾಡುವುದನ್ನು ಮೌಲಣ್ಣ ಎರಡೇ ದಿನದಲ್ಲಿ ಕಲಿತ, ನನಗೂ ಕಲಿಸಿದ.

ನಮ್ಮ ಹಾಸ್ಯದಲ್ಲಿ ಜನ ಕಾದು ಕೂರುತ್ತಿದ್ದದ್ದು ಸತ್ತ ಗಂಡನ ದೃಶ್ಯಕ್ಕೆ. ಗಂಡನಿಗೆ ಹೆಂಡತಿಯ ಮೇಲೆ ಸಂಶಯ. ತಾನು ಸತ್ತರೆ ಅಳುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಎದೆ ಹಿಡಿದುಕೊಂಡು ಧೊಪ್ಪನೆ ಬಿದ್ದು ಸತ್ತಂತೆ ಮಲಗುತ್ತಾನೆ. ಹೆಂಡತಿ ಬರುತ್ತಾಳೆ, ನೋಡುತ್ತಾಳೆ, ಇನ್ನೊಮ್ಮೆ ನೋಡುತ್ತಾಳೆ. ಆಮೇಲೆ ಖುಷಿಗೆ ಹೆಣದ ಸುತ್ತ ಕುಣಿಯುತ್ತಾಳೆ. ಮೂರನೇ ಸುತ್ತಿಗೆ ಅವನು ಹಿಂದಿನಿಂದ ಎದ್ದು ಅವಳ ಜೊತೆಗೇ ಕುಣಿಯತೊಡಗುತ್ತಾನೆ, ಅವಳಿಗೆ ಗೊತ್ತಾಗುವುದಿಲ್ಲ. ಇಷ್ಟೇ. ಹೇಳಿದರೆ ಏನೂ ಇಲ್ಲ, ಆದರೆ ಅವನು ಏಳುವ ರೀತಿಗೆ ಜನ ಕುರ್ಚಿಯಿಂದ ಜಾರುತ್ತಿದ್ದರು.

ಕ್ಯಾಂಪು ಶುರುವಾಗಿ ಎರಡು ವಾರವಾಗಿರಬೇಕು. ಆಟ ಇಲ್ಲದ ಒಂದು ದಿನ ಅವನು ಹಾವೇರಿಯ ಮನೆಗೆ ಹೊರಟ, ಹಜರತಬಿ ಕರೆದಿದ್ದಳೆಂದು ನಾನೂ ಹೊರಟೆ. ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ನಾನು ನಕ್ಕೆ. ಸತ್ಯ ಹೇಳುತ್ತೇನೆ, ನಾನು ನಕ್ಕುಬಿಟ್ಟೆ. ದಿನಾ ಹಾಗೆಯೇ ಹಿಡಿದುಕೊಳ್ಳುತ್ತಿದ್ದ, ಅದೇ ಕೈ, ಅದೇ ಜಾಗ. ಅವನ ಹಣೆಯ ಮೇಲಿನ ಬೆವರು ನೋಡಿದ ಮೇಲೆ ನನ್ನ ನಗು ನಿಂತಿತು.

ಹಾವೇರಿಯ ಡಾಕ್ಟರು ಇಸಿಜಿಯ ಪಟ್ಟಿ ತೆಗೆದು ನೋಡಿದರು. ಹೃದಯಕ್ಕೆ ರಕ್ತ ಸರಿಯಾಗಿ ಹೋಗುತ್ತಿಲ್ಲ, ಕುಣಿಯುವುದು, ಬೀಳುವುದು ಎಲ್ಲ ಬಂದ್, ಈ ವಾರದಲ್ಲೇ ದಾವಣಗೆರೆಗೆ ಹೋಗಿ ದೊಡ್ಡ ತಪಾಸಣೆ ಮಾಡಿಸಬೇಕು ಎಂದರು. ಹೊರಗೆ ಬಂದು ಮೌಲಣ್ಣ ಬೀಡಿ ಹಚ್ಚಲು ಹೋಗಿ, ಏನೋ ನೆನೆದು, ಅದನ್ನು ಕಿವಿಯ ಮೇಲೆ ಇಟ್ಟುಕೊಂಡ.

"ಕ್ಯಾಂಪ್ ಮುಗದ ಮ್ಯಾಲೆ ಹೋಗೂಣು" ಎಂದ.

"ಡಾಕ್ಟರು ಈ ವಾರ ಅಂದಾರಲ್ಲೋ ಅಣ್ಣ. ಮಾಲೀಕರಿಗೆ ಹೇಳೂಣು, ಬ್ಯಾರೆ ಯಾರನ್ನರ ಕರಸ್ತಾರ."

"ಗಂಗಾ, ಕೇಳಿಲ್ಲಿ. ಮಾಲೀಕರಿಗೆ ಹೇಳಿದ್ರ ಕಂಪನಿಗೆಲ್ಲ ಗೊತ್ತಾಗ್ತದ. ಕಂಪನಿಗೆ ಗೊತ್ತಾದ್ರ ಊರಿಗೆ ಗೊತ್ತಾಗ್ತದ. ಎದಿ ನೋವಿನಾಂವ ಎದಿ ಹಿಡಕೊಂಡು ಬಿದ್ರ ಯಾರ ನಗ್ತಾರವಾ? ಅಯ್ಯೋ ಪಾಪ ಅಂತಾರ. ಆ ಮಾತು ನನಗ ಕೇಳೂದು ಬ್ಯಾಡ."

ಮನೆಯಲ್ಲಿ ಹಜರತಬಿಗೂ ಹೇಳಬಾರದು ಎಂದ. ಚೀಲದಲ್ಲಿ ಸದಾ ಇರುತ್ತಿದ್ದ ನನ್ನ ಗೆಜ್ಜೆ ತೆಗೆಸಿ, ಅದರ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ. ಕುಣಿಯುವವರು ಗೆಜ್ಜೆಯ ಮೇಲೆ ಮಾಡಿದ ಆಣೆ ಮುರಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ಅದಕ್ಕೇ ಕುರಾನಾಗಲಿ ದೇವರ ಪಟವಾಗಲಿ ಹುಡುಕಲಿಲ್ಲ. ಅಂದು ಮಧ್ಯಾಹ್ನ ಹಜರತಬಿ ಬಡಿಸಿದ ರೊಟ್ಟಿಯನ್ನು ನಾನು ಅವಳ ಮುಖ ನೋಡದೆ ತಿಂದೆ.

ತಿರುಗಿ ಬರುವಾಗ ನಾನು ಹೇಳಿಬಿಟ್ಟೆ. ನೀನು ಬಿದ್ದ ಮೇಲೆ ನನಗೆ ಕುಣಿಯಲು ಆಗುವುದಿಲ್ಲ, ಬಿದ್ದದ್ದು ಆಟವೋ ಖರೆಯೋ ನನಗೆ ಹೇಗೆ ತಿಳಿಯಬೇಕು ಎಂದೆ. ಅವನು ಕಿಟಕಿಯ ಹೊರಗೆ ಒಣಹಾಕಿದ ಕೆಂಪು ರಾಶಿಗಳನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಎಡಗಾಲು ಮುಂದೆ ಚಾಚಿದ.

"ಈ ಹೆಬ್ಬೆಟ್ಟ ನೋಡು. ಬಿದ್ದ ಕೂಡಲೆ ಎರಡ ಸಲ ಆಡಸ್ತೀನಿ. ಆಡ್ತು ಅಂದ್ರ ನಿನ್ನ ಗಂಡ ಜೀವಂತ ಅದಾನ, ಆನಂದದಿಂದ ಕುಣಿ."

"ಆಡಲಿಲ್ಲ ಅಂದ್ರ?"

"ಆಡಲಿಲ್ಲ ಅಂದ್ರ ಇನ್ನೂ ಆನಂದದಿಂದ ಕುಣಿ" ಎಂದು ನಕ್ಕ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಬ್ಯಾಡಗಿ ಬರುವ ತನಕ ಮಾತಾಡಲಿಲ್ಲ.

ಹೀಗೆ ನನ್ನ ದಿನಗಳು ಒಂದು ಹೆಬ್ಬೆರಳಿಗೆ ಜೋತುಬಿದ್ದವು. ಅವನು ಕಾಲುಗಳನ್ನು ಒಳಗಿನ ಕಡೆ ಮಾಡಿ ಬೀಳುತ್ತಿದ್ದ, ಜನರಿಗೆ ಬೆರಳು ಕಾಣುತ್ತಿರಲಿಲ್ಲ. ನಾನು ಬಂದು ನೋಡುವ ಮೊದಲನೇ ನೋಟ ಅವನ ಮುಖಕ್ಕೆ, ಎರಡನೆಯದು ಬೆರಳಿಗೆ. ಒಂದು, ಎರಡು ಎಂದು ಆಡುತ್ತಿತ್ತು. ಆಮೇಲೆ ನನ್ನ ಕಾಲಿಗೆ ಜೀವ ಬರುತ್ತಿತ್ತು. ಆ ಖುಷಿ ನಾಟಕದ್ದಲ್ಲ, ಜನರಿಗೆ ಅದು ಹೇಗೋ ಮುಟ್ಟುತ್ತಿತ್ತು, ಇನ್ನೂ ಹೆಚ್ಚು ನಗುತ್ತಿದ್ದರು. ಆದರೆ ಬೆಳಿಗ್ಗೆ ಎದ್ದ ಕೂಡಲೆ ಸಂಜೆಗೆ ಇನ್ನೆಷ್ಟು ತಾಸು ಎಂದು ಎಣಿಸುತ್ತಿದ್ದೆ. ಮಧ್ಯಾಹ್ನ ಆಟೋದಲ್ಲಿ ಮೈಕು ಹಚ್ಚಿ "ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುವ ಜೋಡಿ" ಎಂದು ಕೂಗಿಕೊಂಡು ಹೋಗುವುದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಊಟ ಕಡಿಮೆಯಾಯಿತು. ನಿದ್ದೆಯಲ್ಲೂ ಬೆರಳೇ ಕಾಣುತ್ತಿತ್ತು.

ಶನಿವಾರ ಕದರಮಂಡಲಗಿಗೆ ಹೋಗಿ ಆಂಜನೇಯನ ಮುಂದೆ ನಿಂತೆ. ಎಲ್ಲರೂ ಮಕ್ಕಳು, ಮದುವೆ, ಆಯುಷ್ಯ ಬೇಡುತ್ತಿದ್ದರು. ನಾನು ಒಂದು ಹೆಬ್ಬೆರಳು ಆಡಲಿ ಎಂದು ಬೇಡಿಕೊಂಡೆ. ತಂದ ಪ್ರಸಾದವನ್ನು ಮೌಲಣ್ಣ ಕಣ್ಣಿಗೆ ಒತ್ತಿಕೊಂಡು ತಿಂದು, "ಯಾವ ಬಟ್ಟು ಅಂತ ಸರಿಯಾಗಿ ಹೇಳಿದಿಲ್ಲೋ? ಬಲಗಾಲಿಂದು ಆಡಿಸಿಗಿಡಿಸ್ಯಾನು" ಎಂದ.

ಆಮೇಲೆ ಆ ಗುರುವಾರ ಬಂತು. ಪೇಟೆಯ ದಿನ, ಥೇಟರು ತುಂಬಿ ಜನ ನಿಂತುಕೊಂಡಿದ್ದರು. ಮೌಲಣ್ಣ ಎದೆ ಹಿಡಿದುಕೊಂಡ, ಬಿದ್ದ. ನಾನು ಬಂದೆ. ಮುಖ ನೋಡಿದೆ, ಬೆರಳು ನೋಡಿದೆ. ಆಡಲಿಲ್ಲ. ನೋಡಲು ತಡವಾಯಿತೇನೋ ಎಂದುಕೊಂಡು ಒಂದು ಸುತ್ತು ಕುಣಿದೆ. ಆಡಲಿಲ್ಲ. ಎರಡನೇ ಸುತ್ತಿನಲ್ಲಿ ನನ್ನ ಕಾಲುಗಳು ನಿಂತುಬಿಟ್ಟವು. ಹಾರ್ಮೋನಿಯಂ ತನ್ನಷ್ಟಕ್ಕೆ ನುಡಿಯುತ್ತಲೇ ಇತ್ತು.

"ಮೌಲಣ್ಣಾ" ಎಂದೆ. ಪಾತ್ರದ ಹೆಸರು ಬಾಯಿಗೆ ಬರಲಿಲ್ಲ. "ಮೌಲಣ್ಣಾ, ಏಳೋ. ಖರೇನ ಹೋದ್ಯೇನೋ?"

ಜನ ಹೋ ಎಂದು ನಕ್ಕರು. ನಾನು ಅವನ ಪಕ್ಕ ಕುಸಿದು ಎದೆ ಬಡಿದುಕೊಂಡೆ. "ಯಾರರ ಬರ್ರಿ. ಇವ ಖರೇನ ಹೋಗ್ಯಾನ. ಪರದೆ ಹಾಕ್ರಿ, ನಿಮ್ಮ ಕಾಲ ಬೀಳ್ತೀನಿ." ನಗು ಇನ್ನೂ ಏರಿತು. ಪಕ್ಕಕ್ಕೆ ತಿರುಗಿದರೆ ಪರದೆ ಎಳೆಯುವವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮರೆತ ಮಾತು ನೆನಪಿಸಿಕೊಡುವವರು ಪುಸ್ತಕ ಕೆಳಗಿಟ್ಟು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಫೋನುಗಳು ಮೇಲೆದ್ದವು. ನಾನು ಅಳುತ್ತ ಕೈ ಮುಗಿದೆ, ಸೀಟಿ ಹೊಡೆದರು. ನನ್ನ ಜೀವಮಾನದಲ್ಲಿ ಅಷ್ಟು ಒಂಟಿಯಾಗಿ ನಾನು ಎಲ್ಲೂ ನಿಂತಿಲ್ಲ.

ಆಗ ಅವನು ಒಂದು ಕಣ್ಣು ತೆರೆದ. ನನಗೆ ಏನಾಯಿತೋ ಗೊತ್ತಿಲ್ಲ, ಕೈ ಬೀಸಿ ಕೆನ್ನೆಗೆ ಒಂದು ಬಾರಿಸಿದೆ. ಅವನು ಕೆನ್ನೆ ಹಿಡಿದುಕೊಂಡು ಎದ್ದು ಕುಳಿತು ಜನರ ಕಡೆ ತಿರುಗಿ, "ಸತ್ತಾಗ ಎದಿ ಬಡಕೊಂಡು ಅಳ್ತಾಳ, ಎದ್ದ ಮ್ಯಾಲೆ ಬಡೀತಾಳ" ಎಂದ. ಆ ನಗುವಿಗೆ ತಗಡು ನಡುಗಿತು.

ಬಣ್ಣದ ಕೋಣೆಯಲ್ಲಿ ಅವನು ತಪ್ಪಿತಸ್ಥನಂತೆ ಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದ.

"ಕಾಲು ಜೋಮು ಹಿಡದಿತ್ತವಾ. ನಾ ಆಡಿಸಿದ್ದೆ. ಆಡೇತಿ ಅಂತನ ತಿಳಕೊಂಡಿದ್ದೆ. ನೀ ಒದರಿದ ಮ್ಯಾಲೆ ಗೊತ್ತಾತು."

ನಾನು ಉತ್ತರ ಕೊಡುವ ಮೊದಲು ಮಾಲೀಕರು ಒಳಗೆ ಬಂದರು. ಅವರ ಕಣ್ಣಲ್ಲಿ ನಕ್ಕ ನೀರು ಇನ್ನೂ ಇತ್ತು. "ಏನವಾ ಗಂಗಾ, ಏನ್ ಆ್ಯಕ್ಟಿಂಗ್. ಯಾವಾಗ ಕೂಡಿಸಿದ್ರಿ ಇದನ್ನ? ಇನ್ನ ದಿನಾ ಹಿಂಗ ಆಗ್ಲಿ. ಒಂದ ಅಕ್ಷರ ಬದಲಿ ಮಾಡಬ್ಯಾಡ" ಎಂದರು. ನಾನು ಆಗುವುದಿಲ್ಲ ಎಂದೆ. ಯಾಕೆ ಎಂದರು. ಆಣೆ ಬಾಯಿ ಕಟ್ಟಿತ್ತು, ಏನೆಂದು ಹೇಳಲಿ? ಮರುದಿನದ ಹೊತ್ತಿಗೆ ನನ್ನ ಅಳು ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಹಾವೇರಿಯಿಂದ, ಹಿರೇಕೆರೂರಿನಿಂದ ಜನ ಅದನ್ನೇ ನೋಡಲು ಬಂದರು. ಚಹಾದ ಅಂಗಡಿಯವನು ನನ್ನನ್ನು ಕಂಡು, "ಖರೇನ ಹೋದ್ಯೇನೋ" ಎಂದು ನನ್ನದೇ ಧಾಟಿಯಲ್ಲಿ ಅಂದು ತೋರಿಸಿದ.

ಮೌಲಣ್ಣನೂ ಮಾಲೀಕರ ಕಡೆಯೇ ನಿಂತ. ಅದರಿಂದ ನನಗೆ ಹೆಚ್ಚು ನೋವಾಯಿತು.

"ನೀ ಇಷ್ಟ ವರ್ಷದಾಗ ಇಷ್ಟು ಛಲೋ ಮಾಡಿದ್ದಿಲ್ಲ" ಎಂದ.

"ನಾ ಮಾಡಲಿಲ್ಲಣ್ಣ. ಹೆದರಿದೆ."

"ಹೌದು. ಹಂಗ ದಿನಾ ಹೆದರು."

"ಆಗ್ಲಿ, ದಿನಾ ಹೆದರ್ತೀನಿ. ದಿನಾ ಪರದೆ ಹಾಕ್ರಿ ಅಂತ ಒದರ್ತೀನಿ. ಒಂದ ದಿನಾ ಖರೇನ ಆತು ಅಂತ ತಿಳಿ. ಆವಾಗ ನಾ ಏನಂತ ಒದರ್ಲಿ? ಒದರು ಮಾತೆಲ್ಲ ನೀವ ನಾಟಕಕ್ಕ ಹಾಕೊಂಡ್ರಲ್ಲ."

ಅವನು ಒರೆಸುವ ಬಟ್ಟೆ ಕೆಳಗಿಟ್ಟ. ಬಣ್ಣ ಅರ್ಧ ಒರೆಸಿದ ಮುಖ. ಆ ಅರ್ಧದಲ್ಲಿ ನಾನು ಮೊದಲ ಸಲ ಅವನ ಹೆದರಿಕೆಯನ್ನು ಕಂಡೆ. ಅಲ್ಲಿಯತನಕ ಹೆದರುವ ಕೆಲಸವನ್ನೆಲ್ಲ ನನಗೇ ಬಿಟ್ಟುಕೊಟ್ಟಿದ್ದ. "ಅದು ಖರೇ ಐತಿ ನೋಡು" ಎಂದಷ್ಟೇ ಹೇಳಿ ಎದ್ದು ಹೋದ.

ಅಂದಿನಿಂದ ದಿನಾ ಆಟ ಹೀಗಾಯಿತು. ಅವನು ಬೀಳುತ್ತಿದ್ದ, ಬೆರಳು ಎರಡು ಸಲ ಆಡುತ್ತಿತ್ತು, ಅದನ್ನು ಕಣ್ಣಾರೆ ಕಂಡ ಮೇಲೂ ನಾನು ಹೋದ ಹೋದ ಎಂದು ಎದೆ ಬಡಿದುಕೊಂಡು ಅಳುತ್ತಿದ್ದೆ. ಅಳುವಾಗ ನಿಜವಾಗಿಯೂ ಅಳು ಬರುತ್ತಿತ್ತು. ನಾಳೆಯದನ್ನು ಇವತ್ತೇ ಅಳುತ್ತಿದ್ದೇನೆ ಅನಿಸುತ್ತಿತ್ತು. ಜನ ನಗುತ್ತಿದ್ದರು.

ಕೊನೆಗೆ ನಾನು ಆಣೆ ಮುರಿದೆ, ಅರ್ಧದಷ್ಟು. ನಮ್ಮ ಹಾರ್ಮೋನಿಯಂ ಮಾಸ್ತರು ವಯಸ್ಸಾದವರು, ಪರದೆ ಇಳಿಸಲು ಹೇಳುವ ಗಂಟೆಯ ಗುಂಡಿ ಅವರ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಒಂದು ಮಧ್ಯಾಹ್ನ ಅವರ ಹತ್ತಿರ ಹೋಗಿ, "ಮಾಸ್ತರ, ನಾ ಎಷ್ಟರ ಒದರ್ಲಿ, ನೀವು ನುಡಸ್ತ ಇರ್ರಿ. ಆದ್ರ ನಾ ಸ್ಟೇಜಿನ ಮ್ಯಾಲೆ ಗೆಜ್ಜಿ ಬಿಚ್ಚಿ ಕೆಳಗಿಟ್ರ, ಪೆಟ್ಟಿಗಿ ನಿಲ್ಲಿಸಿ ಗಂಟಿ ಒತ್ತಬೇಕು" ಎಂದೆ. ಅವರು ನನ್ನ ಮುಖ ನೋಡಿದರು. ಕುಣಿಯುವವಳು ಸ್ಟೇಜಿನ ಮೇಲೆ ಗೆಜ್ಜೆ ಬಿಚ್ಚುವುದು ಅಂದರೆ ಮತ್ತೆ ಆ ಸ್ಟೇಜು ಹತ್ತುವುದಿಲ್ಲ ಎಂದೇ ಅರ್ಥ, ನಮ್ಮಲ್ಲಿ ಯಾರೂ ಅದನ್ನು ಹಾಸ್ಯಕ್ಕೂ ಮಾಡುವುದಿಲ್ಲ. ಮಾಸ್ತರು ಯಾಕೆಂದು ಕೇಳಲಿಲ್ಲ. "ಆಗ್ಲಿ ತಂಗಿ" ಎಂದರು.

ಸುಗ್ಗಿ ಮುಗಿಯುತ್ತ ಬಂದಿತ್ತು. ದಾವಣಗೆರೆಗೆ ಯಾವಾಗ ಎಂದು ಕೇಳಿದರೆ ಮೌಲಣ್ಣ, "ರಾಣೆಬೆನ್ನೂರು ಕ್ಯಾಂಪೊಂದು ಆಗ್ಲಿ" ಎನ್ನತೊಡಗಿದ. ಫೋನಿನಲ್ಲಿ ಓಡಾಡಿದ ದೃಶ್ಯಕ್ಕೆ ರಾಣೆಬೆನ್ನೂರಿನಲ್ಲಿ ಜನ ಕಾಯುತ್ತಿದ್ದರು. ಬ್ಯಾಡಗಿಯಲ್ಲಿ ಥೇಟರು ಬಿಚ್ಚಿ ಅಲ್ಲಿ ಕಟ್ಟಿದೆವು. ಬಿಸಿಲು ಏರಿತ್ತು, ತಗಡಿನ ಒಳಗೆ ಸಂಜೆಯೂ ಕುದಿಯುತ್ತಿತ್ತು. ಅವನು ಮೆಟ್ಟಿಲು ಹತ್ತುವಾಗ ಒಂದು ಕ್ಷಣ ನಿಲ್ಲುವುದನ್ನು ಕಲಿತಿದ್ದ, ಅಲ್ಲಿ ನಿಂತು ಏನಾದರೂ ಹಾಸ್ಯದ ಮಾತು ಹೇಳಿ ಉಸಿರು ತೆಗೆದುಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನು ಅವನ ಉಸಿರು ಎಣಿಸುತ್ತಿದ್ದೆ.

ನಾಲ್ಕನೇ ದಿನದ ಆಟ. ಅವನು ಬಿದ್ದ. ಬೀಳುವಾಗ ಕೈ ಎದೆಗೆ ಹೋಗುವುದು ಸ್ವಲ್ಪ ತಡವಾಯಿತು. ನಾನು ಬಂದು ಮುಖ ನೋಡಿದೆ, ಬಣ್ಣದ ಕೆಳಗೆ ಇನ್ನೊಂದು ಬಣ್ಣ ಬಂದಿತ್ತು. ಬೆರಳಿನ ಕಡೆ ನೋಡಿದೆ.

ಬೆರಳು ಆಡಿತು. ಒಂದು ಸಲ.

ಎರಡನೇ ಸಲಕ್ಕೆ ಕಾಯಬೇಕಿತ್ತು. ಬಹುಶಃ ಆಡುತ್ತಿತ್ತು, ಅವನು ಏಳುತ್ತಿದ್ದ, ಮೂರನೇ ಸುತ್ತಿಗೆ ನನ್ನ ಹಿಂದೆ ಕುಣಿಯುತ್ತಿದ್ದ. ನಾನು ಕಾಯಲಿಲ್ಲ. ಅವನನ್ನು ಉಳಿಸಬೇಕೆಂಬ ದೊಡ್ಡ ವಿಚಾರವೇನೂ ನನಗೆ ಹೊಳೆಯಲಿಲ್ಲ. ನನ್ನಿಂದ ಇನ್ನು ಆಗುವುದಿಲ್ಲ ಅನಿಸಿತು, ಅಷ್ಟೇ. ಎಷ್ಟು ದಿನ ಹೆದರಬೇಕು ಒಬ್ಬ ಹೆಂಗಸು? ಕೆಳಗೆ ಕುಳಿತು ಬಲಗಾಲಿನ ಗೆಜ್ಜೆ ಬಿಚ್ಚಿದೆ. ಎಡಗಾಲಿನದೂ ಬಿಚ್ಚಿದೆ. ಎರಡನ್ನೂ ಜೋಡಿಸಿ ಸ್ಟೇಜಿನ ಮೇಲೆ ಇಟ್ಟೆ. ಹಾರ್ಮೋನಿಯಂ ನಿಂತಿತು. ಪರದೆ ಇಳಿಯಿತು. ಜನ ನಗಲಿಲ್ಲ. ಆ ಇಡೀ ಕಾಲದಲ್ಲಿ ಅವರು ನಗದೆ ಸುಮ್ಮನಿದ್ದದ್ದು ಅದೊಂದೇ ಸಲ.

ದಾವಣಗೆರೆಯ ದವಾಖಾನೆಯಲ್ಲಿ ಹೃದಯದ ರಕ್ತನಾಳಗಳು ಮುಚ್ಚಿಕೊಂಡಿವೆ ಎಂದರು, ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು, ನಾಳೆಯಾಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರು. ಹಜರತಬಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಆಪರೇಶನ್ನು ಮುಗಿದ ಮೂರನೇ ದಿನ ಅವನಿಗೆ ಮಾತಾಡಲು ಬಿಟ್ಟರು. ನನ್ನನ್ನು ಹತ್ತಿರ ಕರೆದ.

"ಯಾಕ ಬಿಚ್ಚಿದಿ? ನಾ ಬಟ್ಟು ಆಡಿಸಿದ್ದೆ."

ನಾನು ಅವನ ಕಣ್ಣು ನೋಡಿದೆ. ಆಡಿತ್ತು ಎಂದರೆ ಇವನು ಎಂಟು ದಿನಕ್ಕೆ ಎದ್ದು ಮತ್ತೆ ಸ್ಟೇಜು ಹತ್ತುತ್ತಾನೆ. ಅದು ನನಗೆ ಖಂಡಿತ ಗೊತ್ತಿತ್ತು.

"ಇಲ್ಲಣ್ಣ. ಆಡಲಿಲ್ಲ" ಎಂದೆ.

"ಒಂದ ಸಲಾನೂ?"

"ಒಂದ ಸಲಾನೂ ಆಡಲಿಲ್ಲ."

ಅವನು ಮುಖ ಗೋಡೆಯ ಕಡೆ ತಿರುಗಿಸಿದ. ಅಂದಿಗೆ ಅವನ ಹಾಸ್ಯ ಮುಗಿಯಿತು. ಡಾಕ್ಟರು ಹೇಳಿದ್ದಕ್ಕಲ್ಲ, ಮಾಲೀಕರು ಬೇರೆ ಜೋಡಿ ತಂದದ್ದಕ್ಕೂ ಅಲ್ಲ. ತಾನು ಹೇಳಿದಂತೆ ತನ್ನ ಮೈ ಕೇಳಲಿಲ್ಲ ಎಂದು ಅವನು ನಂಬಿದ, ಮೈ ಮಾತು ಕೇಳದ ಹಾಸ್ಯಗಾರ ಸ್ಟೇಜು ಹತ್ತಬಾರದು ಎಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದ. ನಾನೂ ಮತ್ತೆ ಗೆಜ್ಜೆ ಕಟ್ಟಲಿಲ್ಲ. ರಾಣೆಬೆನ್ನೂರಿನಲ್ಲೇ ಒಂದು ಕೋಣೆ ಹಿಡಿದು ಶಾಲೆಗಳ ಗ್ಯಾದರಿಂಗಿಗೆ ವೇಷದ ಬಟ್ಟೆ ಬಾಡಿಗೆ ಕೊಡತೊಡಗಿದೆ. ರಾಜನ ಅಂಗಿ, ರಾಕ್ಷಸನ ಮೀಸೆ, ಕುಣಿಯುವ ಹುಡುಗಿಯರಿಗೆ ಜರಿಯ ಲಂಗ.

ಆರು ವರ್ಷ ಅವನು ಹಾವೇರಿಯ ಮನೆಯ ಕಟ್ಟೆಯ ಮೇಲೆ ಕುಳಿತ. ನಾನು ಹೋದಾಗಲೆಲ್ಲ ಸ್ಟೂಲಿನ ಮೇಲೆ ಎಡಗಾಲು ಚಾಚಿಕೊಂಡು ಹೆಬ್ಬೆರಳು ಆಡಿಸುತ್ತಿರುತ್ತಿದ್ದ, ಅದನ್ನೇ ನೋಡುತ್ತಿರುತ್ತಿದ್ದ. "ಈಗ ಆಡ್ತದ ನೋಡು, ಎಷ್ಟು ಛಲೋ ಆಡ್ತದ" ಎನ್ನುತ್ತಿದ್ದ. ಚಹಾ ಕುಡಿದು ನಾನು ಏಳುವ ಹೊತ್ತಿಗೆ ಪ್ರತಿ ಸಲ ಅದೇ ಮಾತು ಕೇಳುತ್ತಿದ್ದ: "ಖರೇ ಹೇಳು ಗಂಗಾ, ಅವತ್ತು ಆಡಲಿಲ್ಲೇನು?" ನಾನು ಪ್ರತಿ ಸಲ ಇಲ್ಲವೆನ್ನುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿತನಕ ಬಂತು. ಹೇಳಿದರೆ ಈ ವಯಸ್ಸಿನಲ್ಲೂ ಎದ್ದುಬಿಟ್ಟಾನು ಎಂದು ಹೆದರುತ್ತಿದ್ದೆ. ಆಮೇಲೆ ಆಮೇಲೆ, ಇಷ್ಟು ವರ್ಷ ಸುಳ್ಳು ಹೇಳಿದೆಯಾ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆಯೂ ಸೇರಿಕೊಂಡಿತು.

ಬಸ್ಸು ಬ್ಯಾಡಗಿ ದಾಟಿತು. ಘಾಟು ಹಿಂದೆ ಉಳಿಯಿತು. ಹಾವೇರಿಯಲ್ಲಿ ಇಳಿದು ಅವರ ಓಣಿಗೆ ತಿರುಗಿದಾಗ, ಮನೆಯ ಮುಂದೆ ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು ಕಂಡವು. ಟೋಪಿ ಹಾಕಿಕೊಂಡ ಗಂಡಸರು ಮಾತಾಡದೆ ಕುಳಿತಿದ್ದರು. ಹಜರತಬಿಯ ಫೋನು ನಮ್ಮ ಕಡೆಯ ರೀತಿಯಂತೆಯೇ ಬಂದಿತ್ತು, ಅಷ್ಟೇ.

ಒಳಗೆ ಮಂಚದ ಮೇಲೆ ಮಲಗಿಸಿದ್ದರು, ಕೊರಳತನಕ ಬಿಳಿ ಹಚ್ಚಡ. ಬೆಳಿಗ್ಗೆ ನಮಾಜಿಗೆ ಎದ್ದು ಮುಖ ತೊಳೆಯುವಾಗ ಹೋದನಂತೆ. ಹಜರತಬಿ ತನ್ನ ಪಕ್ಕದ ಹೆಂಗಸರನ್ನು ಸರಿಸಿ, ಕಾಲಿನ ಕಡೆ ನನಗೆ ಜಾಗ ಮಾಡಿದಳು. ನಾನು ಅಳಬಾರದು ಎಂದುಕೊಂಡೇ ಬಂದಿದ್ದೆ. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಮೌಲಣ್ಣಾ, ಏಳೋ. ಖರೇನ ಹೋದ್ಯೇನೋ?"

ಅದೇ ಮಾತು, ಅದೇ ಧಾಟಿ. ಬೇರೆ ಅಳು ನನ್ನ ಹತ್ತಿರ ಇರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಪಕ್ಕದ ಮನೆಯ ಸೊಸೆ ಗಬಕ್ಕನೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುವ ಭುಜ ಯಾವುದು, ನಗುವ ಭುಜ ಯಾವುದು ಎಂಬುದು ನನಗೆ ಕತ್ತಲಲ್ಲೂ ತಿಳಿಯುತ್ತದೆ. ಅದು ನಗು. ಫೋನಿನಲ್ಲಿ ನೋಡಿದ್ದಳೇನೋ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಮೌಲಣ್ಣ ಕೇಳಿಸಿಕೊಂಡಿದ್ದರೆ ಸಂತೋಷಪಡುತ್ತಿದ್ದ.

ನಾನು ಹಚ್ಚಡದ ತುದಿಯನ್ನು ಸ್ವಲ್ಪ ಎತ್ತಿದೆ. ಎರಡು ಹೆಬ್ಬೆರಳನ್ನೂ ಜೋಡಿಸಿ ಬಿಳಿ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರು. ಎಲ್ಲರಿಗೂ ಕಟ್ಟುತ್ತಾರೆ, ಅದು ರೂಢಿ. ನಾನು ಬಗ್ಗಿ, ಯಾರಿಗೂ ಕೇಳದಂತೆ, ಆ ಬೆರಳಿಗೆ ಹೇಳಿದೆ.

"ಆಡಿತ್ತಣ್ಣಾ. ಅವತ್ತು ಆಡಿತ್ತು. ನಾ ನೋಡಿದ್ದೆ."

ಬೆರಳು ನೋಡಿದೆ. ಹಚ್ಚಡ ಮುಚ್ಚಲು ಹೋದ ಕೈಯನ್ನು ಹಾಗೇ ತಡೆದು, ಅವನು ಕಲಿಸಿದಂತೆ ಇನ್ನೊಮ್ಮೆ ನೋಡಿದೆ.